ಸುಣ್ಣದ ಗೆರೆಗಳು

ಇಪ್ಪತ್ತು ಗುಂಟೆ ಗದ್ದೆಗೆ ಅಡಿಕೆ ಸಸಿ ಇಡುತ್ತೇನೆ ಎಂದು ಭಾವ ಹೇಳಿದಾಗ ಮೊದಲು ನಕ್ಕವರು ನಮ್ಮ ಅಪ್ಪಯ್ಯ. 1984ರ ಡಿಸೆಂಬರ್. ಕಣದ ಕೆಲಸ ಮುಗಿದು ಹುಲ್ಲುಗೊಣಬೆ ಎದ್ದಿತ್ತು. ಬಚ್ಚಲೊಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದ ಅಪ್ಪಯ್ಯ, “ಗದ್ದೆಯವರಿಗೆ ತೋಟ ಎಂತಕ್ಕೆ ಅಳಿಯಂದ್ರೇ? ಮರ ಹತ್ತಿ ಕೊನೆ ಇಳಿಸೋದು ಬೇರೆ, ನೆಟ್ಟು ಸಾಕೋದು ಬೇರೆ” ಅಂದರು. ಭಾವ ಮಾತಾಡಲಿಲ್ಲ. ಒಲೆಗೆ ಎರಡು ಹಿಡಿ ಅಡಿಕೆ ಸಿಪ್ಪೆ ಹಾಕಿ, ಬೆಂಕಿ ಭಗ್ ಅಂದದ್ದನ್ನು ನೋಡುತ್ತಾ ಕೂತರು. ಆ ಸಿಪ್ಪೆಯೂ ನಮ್ಮದಲ್ಲ, ಒಡೆಯರ ಮನೆಯಿಂದ ಮೂಟೆ ಕಟ್ಟಿ ತಂದದ್ದು.

ನಮ್ಮ ಮನೆ ಇದ್ದದ್ದು ಹೊಸನಗರ ತಾಲ್ಲೂಕಿನಲ್ಲಿ. ಅಮ್ಮನ ತವರು ಸಾಗರದ ಕಡೆ, ಕಾಗೋಡಿನ ಹತ್ತಿರ. ಅಕ್ಕನನ್ನು ಕೊಟ್ಟದ್ದು ತೀರ್ಥಹಳ್ಳಿ ತಾಲ್ಲೂಕಿಗೆ, ಕೋಣಂದೂರಿನಿಂದ ಒಳಗೆ. ಮೂರು ತಾಲ್ಲೂಕಿಗೂ ಮಳೆ ಒಂದೇ, ಬಡತನವೂ ಹೆಚ್ಚುಕಡಿಮೆ ಒಂದೇ. ಗೇಣಿ ಗದ್ದೆಯವರ ಮನೆಗಳು ನಮ್ಮವು. 1951ರಲ್ಲಿ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಚಾರಕ್ಕೆ ಎದ್ದ ಜಗಳ ಸತ್ಯಾಗ್ರಹವಾಗಿ ಬೆಳೆದದ್ದನ್ನು ಅಜ್ಜ ಕಣ್ಣಾರೆ ಕಂಡವರು. ಅದರ ಮುಂದಾಳು ಗಣಪತಿಯಪ್ಪನವರ ಹೆಸರು, ಬೆಂಬಲಕ್ಕೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ಲೋಹಿಯಾ ಅವರ ಹೆಸರು ನಮ್ಮ ಮನೆಯಲ್ಲಿ ನೆಂಟರ ಹೆಸರಿನ ಹಾಗೆ ಓಡಾಡುತ್ತಿತ್ತು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದದ್ದನ್ನು ಹೇಳುವಾಗ ಅಜ್ಜ, ತಮ್ಮ ಮೂರು ತಾಲ್ಲೂಕಿನ ನೆಂಟಸ್ತಿಕೆಗೆ ಅವರೇ ಮುದ್ರೆ ಒತ್ತಿದರೇನೋ ಎಂಬಂತೆ ಬೀಗುತ್ತಿದ್ದರು. ಕೊನೆಗೆ 1974ರ ಭೂಸುಧಾರಣೆ ಬಂತು. ಏಳನೇ ನಂಬರಿನ ಫಾರಂ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ಕೈಮುಗಿದು ನಿಂತು, ಭಾವನ ಅಪ್ಪ ಎರಡು ಎಕರೆ ಗದ್ದೆಗೆ ಒಡೆಯರಾದರು.

ಗದ್ದೆ ಸಿಕ್ಕಿತು ನಿಜ. ಆದರೆ ನಮ್ಮ ಸೀಮೆಯಲ್ಲಿ ಗದ್ದೆ ಅಂದರೆ ಊಟ, ತೋಟ ಅಂದರೆ ದುಡ್ಡು. ಚಳಿಗಾಲ ಪೂರ್ತಿ ಇನ್ನೊಬ್ಬರ ತೋಟದಲ್ಲಿ ಕೊನೆ ಇಳಿಸುತ್ತಿದ್ದ ಭಾವನಿಗೆ ಆ ವ್ಯತ್ಯಾಸ ಮೈಗೇ ಗೊತ್ತಿತ್ತು.

ಆ ವರ್ಷ ನಾನು ಪಿಯುಸಿಯಲ್ಲಿ ಫೇಲಾಗಿ ಮನೆಯಲ್ಲಿದ್ದೆ. “ಬಾ ಮಾರಾಯ, ಇಲ್ಲಿ ಕೂತು ಎಂತ ಮಾಡ್ತೀಯ” ಎಂದು ಭಾವ ಕರೆದುಕೊಂಡು ಹೋದರು. ಕೊನೆಗೌಡ ಅಂದರೆ ಏನೆಂದು ನಾನು ಕಂಡದ್ದು ಆಗಲೇ. ಬೆಳಗಿನ ಇಬ್ಬನಿ ಹಾಳೆಗಳಿಂದ ಟಪ್ ಟಪ್ ಉದುರುತ್ತಿರುವಾಗಲೇ ಕಾಲಿಗೆ ತಳೆ ಹಾಕಿ ಭಾವ ಮೇಲೇರಿದರೆ, ಊಟದ ಹೊತ್ತಿನವರೆಗೂ ನೆಲಕ್ಕೆ ಇಳಿಯುತ್ತಿರಲಿಲ್ಲ. ಒಂದು ಮರದ ಕೊನೆ ಕೊಯ್ದು, ಮರವನ್ನೇ ತೂಗಿ, ಪಕ್ಕದ ಮರದ ಕುತ್ತಿಗೆ ಹಿಡಿದು ದಾಟಿಬಿಡುತ್ತಿದ್ದರು. ಹಗ್ಗದ ಗುಂಟ ಜಾರಿ ಬರುವ ಕೊನೆಯನ್ನು ಕೆಳಗೆ ನಿಂತು ಹಿಡಿಯುವ ಕೆಲಸ ನನ್ನದು. ಮೊದಲ ದಿನ ಎರಡು ಕೊನೆ ಕೈತಪ್ಪಿ ಅಡಿಕೆ ಚೆಲ್ಲಾಪಿಲ್ಲಿಯಾಯಿತು. ಮೇಲಿನಿಂದ ಭಾವ ಬೈಯಲಿಲ್ಲ. “ಪರೀಕ್ಷೆಯಲ್ಲಿ ಬಿಟ್ಟಿದ್ದು ಸಾಲಲಿಲ್ಲವಾ?” ಎಂದಷ್ಟೇ ಕೇಳಿದರು. ತೋಟಕ್ಕೆ ತೋಟವೇ ನಕ್ಕಿತು.

ಹಗಲು ಕೊಯ್ದದ್ದನ್ನು ರಾತ್ರಿ ಸುಲಿಯಬೇಕು. ಹಸಿ ಅಡಿಕೆ ಕಾಯುವುದಿಲ್ಲ. ಒಡೆಯರ ಮನೆಯ ಅಂಗಳದಲ್ಲಿ ಚಪ್ಪರದ ಕೆಳಗೆ ಗ್ಯಾಸ್‌ಲೈಟ್ ಸುಂಯ್ ಅನ್ನುತ್ತಿತ್ತು. ಅದರ ಸುತ್ತ ಇಪ್ಪತ್ತು ಮೆಟ್ಟುಗತ್ತಿ, ಇಪ್ಪತ್ತು ಮನೆಯ ಹೆಂಗಸರು, ಗಂಡಸರು, ನಿದ್ದೆ ತೂಗುವ ಮಕ್ಕಳು. ಊರಿಗೆ ಊರೇ ಮುಳುಗಿಸಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಆಗಲೇ ಇಪ್ಪತ್ತು ವರ್ಷ. ಅಲ್ಲಿಂದ ಹೊರಟ ಕರೆಂಟು ನಮ್ಮ ಗುಡ್ಡಗಳ ತಲೆಯ ಮೇಲೆಯೇ ದೊಡ್ಡ ದೊಡ್ಡ ಕಂಬ ಹತ್ತಿ ಪೇಟೆಗೆ ಹೋಗುತ್ತಿತ್ತು. ನಾವು ಸೀಮೆಎಣ್ಣೆ ಬೆಳಕಿನಲ್ಲಿ, ಸೀಮೆಎಣ್ಣೆ ಡಬ್ಬದ ಅಳತೆಯಲ್ಲೇ ಅಡಿಕೆ ಸುಲಿಯುತ್ತಿದ್ದೆವು. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಭದ್ರಾವತಿ ಆಕಾಶವಾಣಿ ಮಲಗಿದ ಮೇಲೆ ನಮ್ಮ ಆಕಾಶವಾಣಿ ಶುರು. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾವ ಮೇಳದ ಆಟ ಎಲ್ಲಿ, ಯಾವ ಭಾಗವತರ ಗಂಟಲು ಕೈಕೊಟ್ಟಿತು, ಯಾರ ಮಗಳನ್ನು ನೋಡಲು ಯಾರು ಬಂದು ಅವಲಕ್ಕಿ ತಿಂದು ಏನೂ ಹೇಳದೆ ಹೋದರು. ನಡುವೆ ಬೆಲ್ಲದ ಕಾಫಿ, ಆಮೇಲೆ ಕವಳ. ಅಕ್ಕ ಮಾತಾಡುತ್ತಲೇ ಸುಲಿಯುತ್ತಿದ್ದಳು. ಕತ್ತಿಯ ಕಡೆ ಅವಳು ನೋಡಿದ್ದನ್ನು ನಾನು ಕಂಡಿಲ್ಲ.

ಆ ಅಂಗಳದಲ್ಲೇ ಭಾವ ಒಂದು ರಾತ್ರಿ ಒಡೆಯರ ಮನೆಯ ಅಜ್ಜಿಯ ಹತ್ತಿರ ಬಿತ್ತಕ್ಕೆ ಗೋಟು ಕೇಳಿದರು. ಅಜ್ಜಿ ಕವಳ ಜಗಿಯುವುದನ್ನು ನಿಲ್ಲಿಸಿ ಒಮ್ಮೆ ನೋಡಿದರು. “ಯಾವ ಮರದ್ದು ಬೇಕು ಅಂತ ಹತ್ತುವ ನಿನಗೇ ಗೊತ್ತಲ್ಲ” ಅಂದರು. ಅಷ್ಟೇ ಮಾತು. ಹಳ್ಳದ ಪಕ್ಕದ ಹಳೆಯ ಮರಗಳಲ್ಲಿ ಹಣ್ಣಾಗಲು ಬಿಟ್ಟ ಕೊನೆಗಳಿಂದ ದಪ್ಪದ್ದನ್ನೇ ಆರಿಸಿ ಮುನ್ನೂರೈವತ್ತು ಗೋಟು ತಂದು ಮರಳಿನಲ್ಲಿ ಹೂತೆವು. ಒಂಬತ್ತು ಅಡಿಗೊಂದು ಸಸಿಯಾದರೆ ಇಪ್ಪತ್ತು ಗುಂಟೆಗೆ 270 ಸಾಕು. ಉಳಿದದ್ದು ಹಂದಿಗೆ, ಬಿಸಿಲಿಗೆ, ದೃಷ್ಟಿಗೆ ಎಂದು ಅಕ್ಕ ಲೆಕ್ಕ ಹೇಳಿದಳು.

ಆ ಚಳಿಗಾಲ, ಮುಂದಿನ ಚಳಿಗಾಲ ಎರಡೂ ಬಸಿಗಾಲುವೆ ತೋಡಿದ್ದೇ ತೋಡಿದ್ದು. ಗದ್ದೆಯ ನೆಲ ನೀರು ಹಿಡಿದು ಕೂರುತ್ತದೆ, ಅಡಿಕೆಯ ಬೇರಿಗೆ ನಿಂತ ನೀರು ಆಗದು. ಬೆಳಗ್ಗೆ ಗುದ್ದಲಿ ಹಿಡಿದರೆ ಕೆಸರು ಮಂಜುಗಡ್ಡೆಯಂತೆ ಕಾಲು ಕೊರೆಯುತ್ತಿತ್ತು. ಹತ್ತು ಗಂಟೆಗೆ ಬಿಸಿಲು ಬಂದಾಗ ಬದುವಿನ ಮೇಲೆ ಕೂತು ಗಂಜಿ ಕುಡಿದು, ಗೊಬ್ಬರಕ್ಕೆ ದರಗು ಗುಡಿಸಲು ಗುಡ್ಡಕ್ಕೆ ಹೋಗುತ್ತಿದ್ದೆವು. ಹೋಗುವಾಗ ಮೈಗೆಲ್ಲ ಬೇವಿನೆಣ್ಣೆ ಹಚ್ಚಿ ಕಳಿಸುವುದು ಅಕ್ಕನ ಕಟ್ಟಳೆ. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ನಮ್ಮಲ್ಲಿ ಚಳಿಗಾಲದ ಜೊತೆಗೇ ಕಾಡಿಗೆ ಬಂದು ಕೂರುವ ನೆಂಟ. ಎಲ್ಲೋ ಮಂಗ ಸತ್ತು ಬಿದ್ದಿದೆ ಎಂದರೆ ಆ ಗುಡ್ಡ ಆ ವರ್ಷಕ್ಕೆ ಬಂದ್. ಸಂಜೆ ಮನೆಗೆ ಬಂದವರ ಬೆನ್ನು, ಕಂಕುಳು ಹುಡುಕಿ ಉಣುಗು ಕೀಳುವುದು ಊಟದಷ್ಟೇ ತಪ್ಪದ ಕೆಲಸ.

ಕೆಲಸವೇ ಕೆಲಸ ಎಂದುಕೊಳ್ಳಬೇಡಿ. ಸಂಕ್ರಾಂತಿ ಆಸುಪಾಸಿಗೆ ಆಲೆಮನೆಯ ಕರೆ ಬರುತ್ತಿತ್ತು. ಕೋಣಗಳು ಗಾಣ ಸುತ್ತುತ್ತಿದ್ದರೆ, ಕರೆದವರು ಕರೆಯದವರು ಎಲ್ಲರೂ ಚೊಂಬು ಹಿಡಿದು ಹಾಜರು. ಕುಡಿಯುವಷ್ಟು ಕಬ್ಬಿನ ಹಾಲು, ಬಾಳೆಲೆಯ ಮೇಲೆ ಬಿಸಿ ಜೋನಿ ಬೆಲ್ಲ. ದುಡ್ಡು ಕೇಳುವವರಿಲ್ಲ, ಕೊಡುವವರೂ ಇಲ್ಲ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಜಾತ್ರೆ. ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ತೊಳೆದುಹೋದದ್ದು ಇಲ್ಲಿಯ ತುಂಗೆಯಲ್ಲಂತೆ. ಭಾವ ಸೊಂಟದುದ್ದ ನೀರಿನಲ್ಲಿ ನಿಂತು, ಸುಲಿದು ಸುಲಿದು ಕಪ್ಪಾದ ಅಂಗೈ ಮರಳಿನಲ್ಲಿ ಉಜ್ಜಿ ಉಜ್ಜಿ ನೋಡಿ, “ಕೊಡಲಿದು ಹೋಯ್ತು, ಅಡಿಕೆದು ಹೋಗೋದಿಲ್ಲ ಮಾರಾಯ” ಎಂದು ಮೇಲೆ ಬಂದರು. ಅಕ್ಕನಿಗೆ ಬಳೆ, ನನಗೆ ಬೆಂಡು ಬತ್ತಾಸು, ಅವರಿಗೆ ಹೊಸ ಕತ್ತಿ. ರಾತ್ರಿ ತೆಪ್ಪೋತ್ಸವ ಮುಗಿಸಿ ನಿಂತು ನಿಂತೇ ಬಸ್ಸಿನಲ್ಲಿ ಬಂದೆವು.

1986ರ ಮಳೆಗಾಲಕ್ಕೆ ಸಸಿ ನೆಲಕ್ಕಿಳಿದವು, ನೆರಳಿಗೆ ನಡುನಡುವೆ ಬಾಳೆ. ನಾನು ಅಷ್ಟರಲ್ಲಿ ಪಾಸಾಗಿದ್ದೆ; ಮುಂದೆ ಓದಿ, ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದೆ. ಆದರೂ ಪ್ರತಿ ಡಿಸೆಂಬರಿಗೆ ರಜೆ ಉಳಿಸಿಕೊಂಡು ಹೋಗುವುದು ತಪ್ಪಲಿಲ್ಲ. ಸಸಿಗಳು ಮೊಣಕಾಲು, ಸೊಂಟ, ತಲೆ ದಾಟಿದವು. ಏಳನೇ ವರ್ಷ, 1992ರ ಕೊನೆಗೆ, ಕೊಯ್ಯುವಷ್ಟು ಕೊನೆ ಬಂತು.

ನಮಗೆ ತೋಟ ಇತ್ತು, ತೋಟದವರ ಮನೆಯಲ್ಲಿ ಇರಬೇಕಾದ್ದು ಒಂದೂ ಇರಲಿಲ್ಲ. ಮೆಟ್ಟುಗತ್ತಿ ಎರಡೇ. ಹಂಡೆ ಇಲ್ಲ. ಬೇಯಿಸಲು ಚೊಗರಿಲ್ಲ. ಅಡಿಕೆಗೆ ಕೆಂಪು ಬಣ್ಣ ಕೂರುವುದು ಚೊಗರಿನಿಂದ; ಹಿಂದೆ ಬೇಯಿಸಿದ ನೀರೇ ಮುಂದಿನದಕ್ಕೆ ಚೊಗರು. ಮೊಸರಿಗೆ ಹೆಪ್ಪು ಇದ್ದ ಹಾಗೆ ಅದು. ಹೊಸದಾಗಿ ಮನೆ ಹೂಡಿದವನು ಪಕ್ಕದ ಮನೆಗೆ ಪಾತ್ರೆ ಹಿಡಿದು ಹೋಗಲೇಬೇಕು. ಅಕ್ಕ ಹೋದಳು. ಒಡೆಯರ ಮನೆಯ ಅಜ್ಜಿ ಕೊಡಪಾನದ ತುಂಬ ಚೊಗರು ಕೊಟ್ಟು, ಆಳಿನ ತಲೆಯ ಮೇಲೆ ಆರು ಮೆಟ್ಟುಗತ್ತಿ ಹೊರಿಸಿ ಕಳಿಸಿದರು. ಹಂಡೆ ಹೊಸನಗರದಿಂದ ಅಪ್ಪಯ್ಯನೇ ತಂದರು, ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು. ನಕ್ಕಿದ್ದರ ಬಗ್ಗೆ ಅವರೂ ಮಾತೆತ್ತಲಿಲ್ಲ, ಭಾವನೂ ಎತ್ತಲಿಲ್ಲ.

ಕೈಗಳು ಮಾತ್ರ ಬೇರೆ ರೀತಿ ಬಂದವು. ಕೂಲಿ ಕೊಡಲು ಕಾಸಿಲ್ಲದ ನಾಲ್ಕೈದು ಮನೆಗಳು ಸೇರಿ ಮುಯ್ಯಾಳಿನ ಏರ್ಪಾಡು ಮಾಡಿಕೊಂಡವು. ಇವತ್ತು ನಿಮ್ಮ ಅಂಗಳ, ನಾಳೆ ನಮ್ಮದು. ಅದರ ಲೆಕ್ಕ ಅಕ್ಕನದು. ಅಡಿಕೆ ಅಟ್ಟದ ಕೆಳಗಿನ ಕಂಬ ಹೊಗೆಗೆ ಕಪ್ಪಾಗಿತ್ತು. ಯಾರ ಮನೆಯವರಾದರೂ ಬಂದು ಒಂದು ರಾತ್ರಿ ಕೂತು ಹೋದರೆ, ಕವಳದ ಬಟ್ಟಲಿನ ಸುಣ್ಣ ಬೆರಳಲ್ಲಿ ತೆಗೆದು ಅವಳು ಒಂದು ಗೆರೆ ಎಳೆಯುತ್ತಿದ್ದಳು. ಅವರ ಮನೆಗೆ ನಾವು ಹೋಗಿ ಬಂದರೆ ಅದು ಒರೆಸಿಹೋಗುತ್ತಿತ್ತು. ಕಂಬದ ಒಂದೊಂದು ಮುಖ ಒಂದೊಂದು ಮನೆಗೆ.

ಮೊದಲ ಫಸಲು ಒಂದೂವರೆ ಕ್ವಿಂಟಾಲೂ ಆಗಲಿಲ್ಲ. ತೀರ್ಥಹಳ್ಳಿಯ ಮ್ಯಾಮ್‌ಕೋಸಿಗೆ ಹಾಕಿದೆವು. 1939ರಲ್ಲಿ ಹುಟ್ಟಿದ ಆ ಸಹಕಾರ ಸಂಘದ ಕಟ್ಟೆಗೆ ಭಾವ ಎಷ್ಟೋ ವರ್ಷ ಬೇರೆಯವರ ಮೂಟೆ ಹೊತ್ತವರು. ತಮ್ಮ ಹೆಸರಿನ ಚೀಟಿ ಕೈಗೆ ಬಂದಾಗ ಅದನ್ನು ಮಡಚಿ ಜೇಬಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಮಡಚಿದರು. ದಾರಿಯಲ್ಲಿ ಹೋಟೆಲಿನಲ್ಲಿ ಇಬ್ಬರೂ ಮಸಾಲೆ ದೋಸೆ ತಿಂದೆವು. ಎರಡನೆಯದನ್ನೂ ಹೇಳಿದರು.

ಆಮೇಲೆ ಧಾರಣೆ ಏರಿತು, ಇಳಿಯಿತು. ಒಂದು ವರ್ಷ ಮಳೆ ಬಿಡದೆ ಕೊಳೆ ಬಂದು, ಮೈಲುತುತ್ತದ ಸಾಲ ಮಾತ್ರ ಉಳಿಯಿತು. ಗದ್ದೆಗಳೆಲ್ಲ ಒಂದೊಂದಾಗಿ ತೋಟವಾದವು. ಕೊನೆಗೆ ಸುಲಿಯುವ ಯಂತ್ರ ಬಂತು. ಮೆಟ್ಟುಗತ್ತಿಯ ಮೇಲೆ ಇಪ್ಪತ್ತು ಜನ ರಾತ್ರಿಯಿಡೀ ಮಾಡುತ್ತಿದ್ದದ್ದನ್ನು ಅದು ಊಟದ ಹೊತ್ತಿಗೆ ಮುಗಿಸಿ ಸುಮ್ಮನಾಗುತ್ತದೆ. ಅದನ್ನು ನಾನು ದೂರುವುದಿಲ್ಲ. ಚಳಿಯಲ್ಲಿ ಬೆಳತನಕ ಕೂತು ಅಕ್ಕನ ಸೊಂಟ ಏನಾಗಿದೆ ಎಂದು ನನಗೆ ಗೊತ್ತು. ಮರ ಹತ್ತುವವರೂ ಈಗ ಕಡಿಮೆ, ನೆಲದ ಮೇಲೆ ನಿಂತೇ ಉದ್ದನೆಯ ಫೈಬರ್ ದೋಟಿಯಲ್ಲಿ ಕೊನೆ ಇಳಿಸುತ್ತಾರೆ. ಭಾವ ಜಗಲಿಯಲ್ಲಿ ಕೂತು ಕತ್ತೆತ್ತಿ ನೋಡುತ್ತಾರೆ, “ಕುತ್ತಿಗೆ ನೋವು ಬರ್ತದೆ ಅದಕ್ಕಿಂತ ಹತ್ತೋದೇ ಸುಖ” ಅನ್ನುತ್ತಾರೆ.

ಅಕ್ಕನ ಮಗ 2020ರಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪು ಹಿಡಿದು ಬಂದವನು ಮತ್ತೆ ಹೋಗಲಿಲ್ಲ. ಪಕ್ಕದಲ್ಲೇ ಒಂದು ಎಕರೆ ಕೊಂಡು ತೋಟ ಮಾಡುತ್ತೇನೆ ಎನ್ನುತ್ತಾನೆ. ಸಸಿ, ಹನಿ ನೀರಾವರಿ, ಎಲೆಚುಕ್ಕೆ ರೋಗದ ಔಷಧಿ, ಎಲ್ಲದರ ಖರ್ಚೂ ಅವನ ಪಟ್ಟಿಯಲ್ಲಿದೆ. “ಮಾಮಾ, ಇನ್ನೇನಾದರೂ ಬಿಟ್ಟುಹೋಯ್ತಾ?” ಎಂದು ಕೇಳಿದ. ನಾನು ಪಟ್ಟಿ ನೋಡಿದೆ. ಎಲ್ಲ ಸರಿಯಾಗಿತ್ತು. ನಮ್ಮ ಪಟ್ಟಿ ನೆನಪಾಯಿತು: ಬೀಜ ಒಬ್ಬರದು, ಚೊಗರು ಒಬ್ಬರದು, ಹಂಡೆ ಇನ್ನೊಬ್ಬರದು, ಕೈ ಐದು ಮನೆಯದು. ನಮ್ಮದು ಅಂತ ಇದ್ದದ್ದು ಇಪ್ಪತ್ತು ಗುಂಟೆ ಕೆಸರು. ಒಂದು ತುಂಡು ತೋಟಕ್ಕೂ ಒಂದು ಮನೆ ಸಾಲುವುದಿಲ್ಲ ಎಂಬುದನ್ನು ಪಟ್ಟಿಯಲ್ಲಿ ಯಾವ ಸಾಲಿಗೆ ಬರೆಯುವುದು? “ಅಮ್ಮನ ಕಂಬ ನೋಡು” ಅಂದೆ.

ಮನೆ ರಿಪೇರಿ ಮಾಡಿಸುವಾಗ ಆ ಕಂಬಕ್ಕೆ ಪಾಲಿಶ್ ಹೊಡೆಸಲು ಅಕ್ಕ ಬಿಟ್ಟಿರಲಿಲ್ಲ. ಹಳ್ಳದಾಚೆಯ ಮನೆಗೆ ಮೀಸಲಾದ ಮುಖದಲ್ಲಿ ಎರಡು ಗೆರೆ ಹಾಗೇ ಇವೆ. ಯಂತ್ರ ಬಂದ ವರ್ಷ ಮುಯ್ಯಿ ನಡುವೆಯೇ ನಿಂತುಹೋಗಿತ್ತು. “ಅವರಿಗೆ ಎರಡು ರಾತ್ರಿ ಬಾಕಿ ಉಂಟು” ಎಂದಳು ಅಕ್ಕ, ನಿನ್ನೆಯ ವಿಷಯ ಎಂಬಂತೆ.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ಮೆಟ್ಟುಗತ್ತಿ ಚೀಲಕ್ಕೆ ಹಾಕಿಕೊಂಡು ನಾವಿಬ್ಬರೂ ಹೊರಟೆವು, ಹಿಂದೆ ಟಾರ್ಚು ಹಿಡಿದು ಅವಳ ಮಗ. ಆ ಮನೆಯಲ್ಲೂ ಯಂತ್ರ ಓಡಿ ನಿಂತಿತ್ತು. “ಸುಲೀಲಿಕ್ಕೆ ಬಂದದ್ದು” ಎಂದು ಅಕ್ಕ ಹೇಳಿದಾಗ ಮನೆಯವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಳಗೆ ಹೋಗಿ, ಯಂತ್ರಕ್ಕೆ ಸಿಗದೆ ಅರೆಬರೆ ಉಳಿದ ಸಣ್ಣ ಅಡಿಕೆ ಒಂದು ಬುಟ್ಟಿ ತಂದು ಸುರಿದರು. ತಾವೂ ಕೂತರು. ಹನ್ನೊಂದು ಗಂಟೆಯವರೆಗೂ ಸುಲಿದೆವು. ಹುಡುಗ ಎರಡು ಸಲ ಬೆರಳು ಕೊಯ್ದುಕೊಂಡ.

ಮನೆಗೆ ಬಂದು ಅಕ್ಕ ಸೆರಗಿನ ತುದಿ ಒದ್ದೆ ಮಾಡಿ ಒಂದು ಗೆರೆ ಒರೆಸಿದಳು. ಇನ್ನೊಂದರ ಹತ್ತಿರ ಬೆರಳು ಹೋಯಿತು, ಅಲ್ಲೇ ನಿಂತಿತು.

“ಇದು ಇರಲಿ,” ಅಂದಳು. “ಬರುವ ವರ್ಷಕ್ಕೆ ಹೋಗಲಿಕ್ಕೆ ಒಂದು ನೆಪ ಬೇಕಲ್ಲ.”