ಅಕ್ಕನ ಮಗನ ಕಾಲು

ನನ್ನ ಅಕ್ಕನ ಮಗನ ಬಲಗಾಲಿನಲ್ಲಿ ಹುಟ್ಟಿನಿಂದಲೇ ನೇರಳೆ ಬಣ್ಣದ ಮಚ್ಚೆಯೊಂದಿತ್ತು. ಬೆಳೆದಂತೆ ಆ ಕಾಲು ಇನ್ನೊಂದಕ್ಕಿಂತ ದಪ್ಪವಾಯಿತು, ತುಸು ಉದ್ದವೂ ಆಯಿತು. ಪಾದದ ಹೊರಬದಿಯಿಂದ ತೊಡೆಯವರೆಗೆ ಹಗ್ಗದಂತಹ ನಾಳವೊಂದು ಉಬ್ಬಿ ನಿಂತಿತು. ಮನೆಗೆ ಬಂದ ಹಿರಿಯ ಹೆಂಗಸರು ಅಕ್ಕನನ್ನು ಕೇಳುತ್ತಿದ್ದುದು ಒಂದೇ: “ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಹೋಗಿದ್ದೆಯಾ?”

ಹತ್ತು ವರ್ಷ ಆಕೆ ಈ ಪ್ರಶ್ನೆಯನ್ನು ಎದೆಯಲ್ಲಿ ಹೊತ್ತು ಬದುಕಿದಳು. ಮಗನಿಗೆ ಸದಾ ಉದ್ದನೆಯ ಪೈಜಾಮ ತೊಡಿಸಿದಳು.

ಕೊನೆಗೆ ರಕ್ತನಾಳ ತಜ್ಞರೊಬ್ಬರು ಇದರ ಹೆಸರು ಹೇಳಿದರು: ಕ್ಲಿಪ್ಪೆಲ್-ಟ್ರೆನೋನೆ ಸಿಂಡ್ರೋಮ್. 1900ರಲ್ಲಿಯೇ ಇಬ್ಬರು ಫ್ರೆಂಚ್ ವೈದ್ಯರು ಇದನ್ನು ವಿವರಿಸಿದ್ದರು. ಭ್ರೂಣ ಬೆಳೆಯುವಾಗ ಒಂದು ಜೀವಕೋಶದ ವಂಶವಾಹಿಯಲ್ಲಿ, ಹೆಚ್ಚಾಗಿ ಪಿಐಕೆ3ಸಿಎ ಎಂಬುದರಲ್ಲಿ, ಆಕಸ್ಮಿಕ ಬದಲಾವಣೆಯಾಗುತ್ತದೆ. ಆ ಕೋಶದಿಂದ ಹುಟ್ಟಿದ ಭಾಗ ಮಾತ್ರ ಮಿತಿಮೀರಿ ಬೆಳೆಯುತ್ತದೆ. ಅದು ಸಾಮಾನ್ಯವಾಗಿ ತಂದೆತಾಯಿಯಿಂದ ಬಂದುದಲ್ಲ. ತಾಯಿ ಗ್ರಹಣದಲ್ಲಿ ನಡೆದುದರಿಂದ ಆದುದಂತೂ ಅಲ್ಲವೇ ಅಲ್ಲ.

ಆ ಉಬ್ಬಿದ ಅಭಿಧಮನಿಯ ಕಥೆಯನ್ನೂ ವೈದ್ಯರು ಬಿಡಿಸಿ ಹೇಳಿದರು. ಭ್ರೂಣಾವಸ್ಥೆಯಲ್ಲಿ ಕಾಲಿನ ಹೊರಬದಿಯಲ್ಲಿರುವ ಈ ನಾಳ ಜನನಕ್ಕೆ ಮೊದಲೇ ಮರೆಯಾಗಬೇಕು. ಇವನಲ್ಲಿ ಅದು ಉಳಿದುಬಿಟ್ಟಿತ್ತು. ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳು ಅದರಲ್ಲಿರಲಿಲ್ಲ. ಇಂತಹ ನಾಳದಲ್ಲಿ ನಿಂತ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಕ್ಕೇ ಸಂಚಕಾರ. ನಾವು ಕುರೂಪವೆಂದು ಮುಚ್ಚಿಟ್ಟಿದ್ದು ವಾಸ್ತವದಲ್ಲಿ ಅಪಾಯದ ಸೂಚನೆಯಾಗಿತ್ತು.

ನಾಳವನ್ನು ಮುಚ್ಚುವ ಮೊದಲು ಡಾಪ್ಲರ್ ಮತ್ತು ಎಂಆರ್‌ಐ ಪರೀಕ್ಷೆ ನಡೆಯಿತು. ಕೆಲವರಲ್ಲಿ ಕಾಲಿನ ಆಳದ ಅಭಿಧಮನಿಗಳು ಸರಿಯಾಗಿ ಬೆಳೆದಿರುವುದಿಲ್ಲ. ಆಗ ರಕ್ತ ಮರಳಲು ಈ ಅಸಹಜ ನಾಳವೇ ದಾರಿಯಾಗಿರುತ್ತದೆ. ಇವನಲ್ಲಿ ಆಳದ ನಾಳಗಳು ಚೆನ್ನಾಗಿದ್ದುದರಿಂದ ಲೇಸರ್ ಚಿಕಿತ್ಸೆ ಸಾಧ್ಯವಾಯಿತು. ಈಗ ಬಿಗಿಯಾದ ಕಾಲುಚೀಲ ಧರಿಸುತ್ತಾನೆ. ಮುಂದೆ ಯಾವ ಶಸ್ತ್ರಚಿಕಿತ್ಸೆಯಾದರೂ ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕೆಂಬುದು ಅವನಿಗೆ ಬಾಯಿಪಾಠ. ಪಿಐಕೆ3ಸಿಎ ಬದಲಾವಣೆಯ ತೀವ್ರ ಪ್ರಕರಣಗಳಿಗೆ ಆಲ್ಪೆಲಿಸಿಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ.

ಆಸ್ಪತ್ರೆಯಿಂದ ಮರಳುವಾಗ ಹುಡುಗ ಕೇಳಿದ: “ಉಮ್ಮಾ, ಹಾಗಾದರೆ ಇದು ನಿನ್ನ ತಪ್ಪಲ್ಲ ಅಲ್ವಾ?” ಅಕ್ಕ ಉತ್ತರಿಸಲಿಲ್ಲ. ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಆತ್ಮೀಯರೇ, ನಿಮ್ಮ ನೆರೆಹೊರೆಯಲ್ಲಿ ಇಂತಹ ಮಗುವಿದ್ದರೆ ಆ ತಾಯಿಯನ್ನು ಗ್ರಹಣದ ಬಗ್ಗೆ ಕೇಳಬೇಡಿ. ರಕ್ತನಾಳ ತಜ್ಞರಿಗೆ ತೋರಿಸಿದ್ದೀರಾ ಎಂದು ಕೇಳಿ. ಮೊದಲ ಪ್ರಶ್ನೆ ನಮ್ಮ ಹತ್ತು ವರ್ಷಗಳನ್ನು ಕಸಿದುಕೊಂಡಿತು.