ತಂದೆಯರ ಹಡಗು

ಕೆನಡಾ ದೇಶದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ‘ಸ್ಯಾಕ್‌ವಿಲ್’ ಎಂಬ ಪುಟ್ಟ ಹಡಗೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಸರಕಿನ ಹಡಗುಗಳಿಗೆ ಕಾವಲಾಗಿ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ, ಹೂವಿನ ಹೆಸರಿನ ವರ್ಗದ ಕಾರ್ವೆಟ್ಟುಗಳಲ್ಲಿ ಉಳಿದಿರುವುದು ಇದೊಂದೇ.

ತಿಮಿಂಗಿಲ ಬೇಟೆಯ ನಾವೆಯ ಮಾದರಿಯಲ್ಲಿ ಕಟ್ಟಿದ ಇದರ ಉದ್ದ ಕೇವಲ 205 ಅಡಿ. 1941ರ ಡಿಸೆಂಬರಿನಲ್ಲಿ ನೌಕಾಪಡೆಯನ್ನು ಸೇರಿತು. 1942ರ ಆಗಸ್ಟಿನಲ್ಲಿ ದಟ್ಟ ಮಂಜಿನ ನಡುವೆ ಜರ್ಮನ್ ಜಲಾಂತರ್ಗಾಮಿಗಳೊಡನೆ ಸೆಣಸಿತು. ಇಂಥ ಹಡಗಿನಲ್ಲಿ 80ಕ್ಕೂ ಹೆಚ್ಚು ನಾವಿಕರ ವಾಸ. ಊಟದ ಮೇಜಿನ ಮೇಲೆಯೇ ಮಲಗುವ ಜೋಲಿ; ಅಲೆಯೆದ್ದರೆ ಒಳಗೆಲ್ಲ ನೀರು; ತೊಯ್ದ ಬಟ್ಟೆ ಒಣಗುವಂತಿಲ್ಲ.

ಯುದ್ಧ ಮುಗಿಸಿ ಮನೆಗೆ ಬಂದ ತಂದೆಯರಲ್ಲಿ ಹಲವರು ಇದಾವುದನ್ನೂ ಮಕ್ಕಳಿಗೆ ಹೇಳಲಿಲ್ಲ. ಅವರು ನುಡಿಯದೆ ಉಳಿಸಿದ್ದನ್ನು ಈ ಇಕ್ಕಟ್ಟಿನ ಕೋಣೆಗಳು ನುಡಿಯುತ್ತವೆ.

ಮೇ ತಿಂಗಳ ಮೊದಲ ಭಾನುವಾರ ಅಟ್ಲಾಂಟಿಕ್ ಕದನದ ಸ್ಮರಣೆಯ ದಿನ. ಗತಿಸಿದ ನಾವಿಕರ ಚಿತಾಭಸ್ಮವನ್ನು ಅಂದು ಈ ಹಡಗಿನಿಂದಲೇ ಕಡಲಿಗೆ ಬಿಡುವ ಪದ್ಧತಿಯೂ ಬೆಳೆಯಿತು. ನಾವು ಹಿರಿಯರ ಅಸ್ಥಿಯನ್ನು ಒಯ್ಯುವುದು ನಮ್ಮನ್ನು ಪೊರೆದ ನದಿಗೆ. ಆ ತಂದೆಯರಾದರೋ ತಮ್ಮನ್ನು ನುಂಗಬಂದಿದ್ದ ಕಡಲಿಗೇ ಮರಳಿದರು. ಗೋರಿಯಿಲ್ಲದ ಅವರ ಸಂಗಡಿಗರು ಮಲಗಿರುವುದು ಅಲ್ಲಿಯೇ ಅಲ್ಲವೆ?