ಎಕ್ಸ್‌ರೇ ಕೋಣೆಯ ದಿನಚರಿ

15 ಆಗಸ್ಟ್ 2020, ಅಫಜಲಪುರ

ರಜೆಯಾದರೂ ಕೋಣೆ ತೆರೆದಿದ್ದೆ. ದೇಶದ ಮೊದಲ ಕೊರೊನಾ ಸಾವು ಮಾರ್ಚಿನಲ್ಲಿ ನಮ್ಮ ಕಲಬುರಗಿಯದೇ ಆಯಿತಲ್ಲ, ಅಂದಿನಿಂದ ಇಲ್ಲಿ ಯಾರಿಗೆ ಕೆಮ್ಮು ಬಂದರೂ ಎದೆಯ ಫೋಟೋ ತೆಗೆಸುವ ಧಾವಂತ. ಒಬ್ಬೊಬ್ಬರು ಎದ್ದು ಹೋದ ಮೇಲೂ ಕ್ಯಾಸೆಟ್ಟಿಗೆ ಸ್ಪಿರಿಟ್ ಒರೆಸಿ ಒರೆಸಿ ಬೆರಳ ತುದಿಯ ಚರ್ಮ ಸುಲಿಯುತ್ತಿದೆ.

ಕೆಂಪುಕೋಟೆಯ ಭಾಷಣದಲ್ಲಿ ಪ್ರಧಾನಿ ಡಿಜಿಟಲ್ ಹೆಲ್ತ್ ಮಿಷನ್ ಘೋಷಿಸಿದರು. ಪ್ರತಿಯೊಬ್ಬರಿಗೂ ಒಂದು ಹೆಲ್ತ್ ಐಡಿ, ತಪಾಸಣೆಯ ಕಾಗದವೆಲ್ಲ ಅದರಡಿ. ಬೆಂಚಿನ ಮೇಲೆ ಕುಳಿತಿದ್ದ ಮಾಶಾಳದ ಕಾಕಾ ಒಬ್ಬರು ಕಂಪೌಂಡರನ ಮೊಬೈಲಿನಲ್ಲಿ ಅದನ್ನು ಕೇಳಿಸಿಕೊಂಡು, "ಅಂದ್ರ ಇನ್ನ ಈ ಚೀಲ ಹೊರೋದು ತಪ್ತದೇನ್ರಿ ಸರ?" ಅಂದರು. ಚೀಲದಲ್ಲಿ ವರ್ಷಗಟ್ಟಲೆಯ ಫಿಲ್ಮುಗಳು. ಕೆಲವನ್ನು ನಾಲ್ಕು ಮಡಿಕೆ ಹಾಕಿದ್ದರು. ಬೆನ್ನುಮೂಳೆಯ ಎಂ.ಆರ್.ಐ.ಯ ಮಡಿಕೆ ಸರಿಯಾಗಿ ಡಿಸ್ಕ್ ಜಾರಿದ ಜಾಗದ ಮೇಲೆಯೇ ಬಿದ್ದು ಅಲ್ಲೊಂದು ಬಿಳಿ ಗೆರೆ. ಅದು ರೋಗದ ಗೆರೆಯೋ ಮಡಿಕೆಯ ಗೆರೆಯೋ ಅಂತ ಮುಂದಿನ ಡಾಕ್ಟರು ತಲೆ ಕೆಡಿಸಿಕೊಳ್ಳಬೇಕು.

"ನೋಡೋಣ್ರಿ ಕಾಕಾ" ಅಂದೆ. ನಂಬರ್ ಕೊಡುವುದೇನು ಸುಲಭ. ಆ ನಂಬರಿನಡಿ ಚಿತ್ರ ಬಂದು ಕೂರಬೇಕಾದರೆ, ತೆಗೆಯುವ ನಮ್ಮಂಥವರು ಹೆಸರು, ವಯಸ್ಸು, ಎಡ–ಬಲ ಸರಿಯಾಗಿ ನಮೂದಿಸಿರಬೇಕು. ಆ ತುದಿಯಲ್ಲಿ ತೆರೆದು ನೋಡುವವರೂ ಒಬ್ಬರು ಇರಬೇಕು.

3 ಸೆಪ್ಟೆಂಬರ್

ನಿನ್ನೆಯಿಂದ ಮಹಾರಾಷ್ಟ್ರದಲ್ಲಿ ಇ–ಪಾಸ್ ತೆಗೆದಿದ್ದಾರೆ. ಸೊಲ್ಲಾಪುರದ ದಾರಿ ತೆರೆಯಿತು. ನಮ್ಮ ತಾಲ್ಲೂಕಿನ ಪಶ್ಚಿಮದ ಹಳ್ಳಿಗಳಿಗೆ ದೊಡ್ಡ ದವಾಖಾನಿ ಅಂದರೆ ಮೊದಲಿನಿಂದಲೂ ಸೊಲ್ಲಾಪುರವೇ, ಕಲಬುರಗಿ ಆಮೇಲೆ.

ಇವತ್ತು ಕರಜಗಿಯ ಹುಡುಗನೊಬ್ಬ ತಂದೆಯ ಎದೆಯ ಸಿ.ಟಿ. ಮಾಡಿಸಿಕೊಂಡು ಬಂದಿದ್ದ. ಕೈಯಲ್ಲಿ ಕವರಿಲ್ಲದ ಒಂದು ಸಿಡಿ. ನಮ್ಮ ಡಾಕ್ಟರ ಹೊಸ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. "ಮತ್ತ ಒಂದು ಸಿ.ಟಿ. ಮಾಡಿಸಬೇಕೇನ್ರಿ?" ಅಂತ ಹುಡುಗ ಕೇಳಿದಾಗ ಹೊಟ್ಟೆಯಲ್ಲಿ ಕಿವುಚಿದಂತಾಯಿತು. ಎದೆಯ ಒಂದು ಸಿ.ಟಿ.ಯಲ್ಲಿ ಬೀಳುವ ವಿಕಿರಣ ಹತ್ತಾರು ಎಕ್ಸ್‌ರೇಗಳಷ್ಟು. ದುಡ್ಡಿನ ಲೆಕ್ಕ ಬೇರೆ.

ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಹಳೆಯ ಡೆಸ್ಕ್‌ಟಾಪು ನೆನಪಾಯಿತು. ಸಿಡಿಯನ್ನು ಅಂಗಿಗೆ ಒರೆಸಿ ಹಾಕಿದೆ. ಗರ್ರೆಂದು ತಿರುಗಿ ತಿರುಗಿ ಕೊನೆಗೆ ತೆರೆಯಿತು. ಬಾಲವಿಲ್ಲದ ಹೆಸರಿನ ಮುನ್ನೂರು ಫೈಲುಗಳು. ಒಂದೊಂದೂ ಒಂದು ಹೋಳು. ಉದ್ದಕ್ಕೆ 512, ಅಗಲಕ್ಕೆ 512 ಚುಕ್ಕಿ, ಒಂದೊಂದು ಚುಕ್ಕಿಗೆ ಎರಡು ಬೈಟು. ಹೋಳಿಗೆ ಅರ್ಧ ಎಂ.ಬಿ., ಒಟ್ಟು ನೂರೈವತ್ತು ಎಂ.ಬಿ. ವಾಟ್ಸಾಪ್ ಒಂದು ಸಲಕ್ಕೆ ನೂರರ ಮೇಲೆ ಒಯ್ಯುವುದಿಲ್ಲ. ಆದ್ದರಿಂದಲೇ ಎಲ್ಲರೂ ಫಿಲ್ಮನ್ನು ಕಿಟಕಿಗೆ ಹಿಡಿದು ಫೋನಿನಲ್ಲಿ ಕ್ಲಿಕ್ಕಿಸಿ ಕಳಿಸುತ್ತಾರೆ.

ಹುಡುಗನಿಗೆ ಮೌಸ್ ಒತ್ತಿ ಎಳೆದು ತೋರಿಸಿದೆ. ಒಂದು ಕಡೆ ಎಳೆದರೆ ಪುಪ್ಪುಸದ ಎಳೆಗಳು, ಇನ್ನೊಂದು ಕಡೆ ಎಳೆದರೆ ಅವು ಕಪ್ಪಾಗಿ ಎಲುಬು ಎದ್ದು ಬರುತ್ತದೆ. ಯಂತ್ರದ ಅಳತೆಯಲ್ಲಿ ನೀರು ಸೊನ್ನೆ, ಗಾಳಿ ಮೈನಸ್ ಸಾವಿರ, ಗಟ್ಟಿ ಎಲುಬು ಸಾವಿರದ ಆಸುಪಾಸು. ಅಷ್ಟನ್ನೂ ಒಂದೇ ಸಲ ಕಣ್ಣಿಗೆ ತೋರಿಸಲಾಗದು, ಬೇಕಾದ ಪಟ್ಟಿಯನ್ನು ಹಿಗ್ಗಿಸಿ ನೋಡಬೇಕು. ಫಿಲ್ಮು ಅಚ್ಚು ಹಾಕಿದವನು ಯಾವ ಪಟ್ಟಿ ಆರಿಸಿದ್ದನೋ ಅದಷ್ಟೇ ಉಳಿಯುತ್ತದೆ. ಅದರ ಫೋಟೋದಲ್ಲಿ ಉಳಿಯುವುದು ಇನ್ನೂ ಕಮ್ಮಿ.

"ಇಷ್ಟೆಲ್ಲಾ ಈ ಸಿಡಿದಾಗೇ ಇತ್ತೇನ್ರಿ?" ಅಂದ. ಸೊಲ್ಲಾಪುರದಲ್ಲಿ ಅವನಿಗೆ ಯಾರೂ ಹೇಳಿರಲಿಲ್ಲ.

17 ಸೆಪ್ಟೆಂಬರ್

ಕಲ್ಯಾಣ ಕರ್ನಾಟಕ ಉತ್ಸವ ಒಂದು ಕಡೆ, ಮಹಾಲಯ ಅಮಾವಾಸ್ಯೆ ಇನ್ನೊಂದು ಕಡೆ. ಪೇಷಂಟುಗಳಿಲ್ಲ. ಇವತ್ತು ಬರೆಯಲು ಪುರಸತ್ತು.

ನಾವು ತೆಗೆಯುವ ಪ್ರತಿ ಚಿತ್ರವೂ ಡೈಕಾಮ್ ಎಂಬ ಕ್ರಮದಲ್ಲಿ ಕೂರುತ್ತದೆ. 1985ರಲ್ಲಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘ ಮತ್ತು ಯಂತ್ರ ತಯಾರಕರ ಸಂಘ ಸೇರಿ ಇದರ ಮೊದಲ ರೂಪ ಮಾಡಿದರು; 1993ರಲ್ಲಿ ಇದಕ್ಕೆ ಈ ಹೆಸರು ಬಂತು. ಅದಕ್ಕೂ ಮೊದಲು ಒಂದು ಕಂಪನಿಯ ಯಂತ್ರದ ಚಿತ್ರ ಇನ್ನೊಂದು ಕಂಪನಿಯ ಪರದೆಯ ಮೇಲೆ ತೆರೆಯುತ್ತಿರಲಿಲ್ಲವಂತೆ. ಇದರ ಗುಣ ಏನೆಂದರೆ, ಇಳಕಲ್ಲ ಸೀರೆಗೆ ಸೆರಗು ನೇಯ್ದ ಹಾಗೆ ಪೇಷಂಟಿನ ವಿವರ ಚಿತ್ರದ ಜೊತೆಗೇ ನೇಯ್ದಿರುತ್ತದೆ: ಯಾರು, ಯಾವಾಗ, ಯಾವ ಯಂತ್ರ, ದೇಹದ ಯಾವ ಭಾಗ. ಫೋನಿನಲ್ಲಿ ಫೋಟೋ ಹೊಡೆದ ಕೂಡಲೇ ಸೆರಗು ಹರಿಯಿತು.

ಆದರೆ ನೇಯುವವರು ಯಾರು? ನಾವೇ. ಶರಣಬಸಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಇಲ್ಲಿ ಒಂದು ರೀತಿ ಟೈಪು ಮಾಡುತ್ತೇವೆ, ಕಲಬುರಗಿಯಲ್ಲಿ ಇನ್ನೊಂದು, ಸೊಲ್ಲಾಪುರದಲ್ಲಿ ಮರಾಠಿ ಉಚ್ಚಾರಕ್ಕೆ ತಕ್ಕ ಹಾಗೆ ಮತ್ತೊಂದು. ಅಲ್ಲಿ ಮನೆತನದ ಹೆಸರು ಮೊದಲು, ನಮ್ಮಲ್ಲಿ ತಂದೆಯ ಹೆಸರು ನಡುವೆ. ವಯಸ್ಸು ಕೇಳಿದರೆ "ಅರವತ್ತು ಇರಬೇಕ್ರಿ" ಅನ್ನುತ್ತಾರೆ, ಮುಂದಿನ ಸಲವೂ ಅರವತ್ತೇ. ಒಬ್ಬರೇ ಮನುಷ್ಯರು ಕಂಪ್ಯೂಟರಿನಲ್ಲಿ ನಾಲ್ಕು ಜನ. ಮೊದಲು ನನಗೆ ಎಲ್ಲ ಸಮಸ್ಯೆಯೂ ಇಂಟರ್ನೆಟ್ಟಿನದೇ ಅನ್ನಿಸುತ್ತಿತ್ತು. ಈಗ ಅರ್ಧದಷ್ಟು ಕೀಬೋರ್ಡಿನದು ಅನ್ನಿಸುತ್ತಿದೆ.

ಇಂಟರ್ನೆಟ್ಟಿನ ಮಾತಿಗೆ ಬಂದರೆ ಕರ್ನಾಟಕದವರು ಚಿತ್ರವನ್ನು ದೂರಕ್ಕೆ ಕಳಿಸುವುದನ್ನು ಎಂದೋ ಮಾಡಿ ತೋರಿಸಿದ್ದಾರೆ. 2000ದ ದಶಕದ ಶುರುವಿನಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತ್ತು. ಯೇಲ್‌ನಲ್ಲಿ ಕಲಿತ ಡಾ. ಅರ್ಜುನ್ ಕಲ್ಯಾಣಪುರ 2002ರಲ್ಲಿ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಶುರು ಮಾಡಿದರು: ಅಮೆರಿಕದಲ್ಲಿ ರಾತ್ರಿಯಾದಾಗ ಅಲ್ಲಿನ ತುರ್ತು ಸ್ಕ್ಯಾನುಗಳನ್ನು ಇಲ್ಲಿ ಹಗಲಲ್ಲಿ ಕುಳಿತು ಓದುವುದು. ಅಲ್ಲಿಯ ಚಿತ್ರ ಸಮುದ್ರ ದಾಟಿ ಬೆಂಗಳೂರಿಗೆ ಬರುತ್ತದೆ. ಅಫಜಲಪುರದ್ದು ಮಾತ್ರ ಕಲಬುರಗಿಗೆ ಹೋಗಲು ಇನ್ನೂ ಕೆಂಪು ಬಸ್ಸು ಹತ್ತಬೇಕು. ಅಸೂಯೆಯಿಂದ ಬರೆಯುತ್ತಿಲ್ಲ. ಸ್ವಲ್ಪ ಅಸೂಯೆಯೂ ಇದೆ.

14 ಅಕ್ಟೋಬರ್, ತಡರಾತ್ರಿ

ನಿನ್ನೆಯಿಂದ ಆಕಾಶ ಹರಿದಂಥ ಮಳೆ. ಮಣ್ಣಿನ ಮನೆಗಳು ಒಂದೊಂದೇ ಕುಸಿಯುತ್ತಿವೆ. ಸಂಜೆ ಟ್ರ್ಯಾಕ್ಟರಿನಲ್ಲಿ ಒಬ್ಬರನ್ನು ಕರೆತಂದರು, ಗೋಡೆ ಮೈಮೇಲೆ ಬಿದ್ದಿದೆ. ಉಸಿರೆಳೆದರೆ ಬಲಗಡೆ ಚುಚ್ಚುತ್ತದೆ ಅಂತ ಕೈಸನ್ನೆ ಮಾಡಿದರು. ಕರೆಂಟು ಇಲ್ಲ, ಜನರೇಟರ್ ಹಾಕಿ ಎದೆಯ ಎಕ್ಸ್‌ರೇ ತೆಗೆದೆ. ಸೀಸದ ಆರ್ ಅಕ್ಷರ ಬಲಗಡೆ ಇಟ್ಟೇ ತೆಗೆದೆ; ಇಂಥ ಹೊತ್ತಿನಲ್ಲೇ ಅದು ಮರೆತುಹೋಗುವುದು.

ಡ್ಯೂಟಿ ಡಾಕ್ಟರು ಪರದೆಯ ಫೋಟೋ ಹೊಡೆದು ಕಲಬುರಗಿಯ ಸರ್ಜನ್‌ಗೆ ಕಳಿಸಿದರು. ಉತ್ತರ ಬಂತು: ಪಕ್ಕೆಲುಬು ಎರಡು ಮುರಿದಿವೆ, ರಾತ್ರಿ ನೋಡಿಕೊಳ್ಳಿ, ಬೆಳಿಗ್ಗೆ ಕಳಿಸಿ. ಫೋಟೋ ನೋಡಿದರೆ ನಾನೂ ಅದನ್ನೇ ಅನ್ನುತ್ತಿದ್ದೆನೇನೋ. ಪರದೆಯ ಗೆರೆ ಫೋನಿನ ಗೆರೆಗೆ ತಾಕಿ ಚಿತ್ರದ ಮೇಲೆಲ್ಲ ಅಲೆ ಅಲೆ.

ಆದರೆ ಆ ಮನುಷ್ಯರ ಉಸಿರು ನನಗೆ ಸರಿ ಕಾಣಲಿಲ್ಲ. ನಾನು ಚಿತ್ರ ತೆಗೆಯುವವ, ಓದುವವನಲ್ಲ. ಆದರೂ ಡಾಕ್ಟರಿಗೆ, "ಸರ, ಮೂಲ ಫೈಲೇ ಕಳಿಸೋಣ" ಅಂದೆ. ಹತ್ತು ಎಂ.ಬಿ. ಹೆಸರು ತೆಗೆದು ದವಾಖಾನಿ ನಂಬರ್ ಮಾತ್ರ ಬಿಟ್ಟು, ಜಿಪ್ ಮಾಡಿ, ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಎಂದು ಏರಿಸಿದೆ. ಹಾಗೆ ಕಳಿಸಿದರೆ ಅದು ಚಿತ್ರವನ್ನು ಹಿಂಡುವುದಿಲ್ಲ. ಟವರಿನ ಕಡ್ಡಿ ಒಂದಾಗುತ್ತದೆ, ಮಾಯವಾಗುತ್ತದೆ. ಹಸಿರು ಗುಂಡು ಗೆರೆ ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ. ಛಾವಣಿಗೆ ಹತ್ತಿ ಕೊಡೆ ಹಿಡಿದು ನಿಂತ ಮೇಲೆ ಹೋಯಿತು.

ಆ ಕಡೆ ಸರ್ಜನ್ ಲ್ಯಾಪ್‌ಟಾಪಿನಲ್ಲಿ ಪುಕ್ಕಟೆ ವ್ಯೂವರ್ ಒಂದು ಇಟ್ಟುಕೊಂಡಿದ್ದರು. ಫೋನಿನ ಫೋಟೋಗೆ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು. ನಮ್ಮ ಫೈಲಿಗೆ 4096. ಮೇಲ್ಭಾಗದ ಕಪ್ಪನ್ನಷ್ಟೇ ಹಿಗ್ಗಿಸಿ ನೋಡಿದಾಗ ಕೂದಲೆಳೆಯಂಥ ಬಿಳಿ ಗೆರೆ ಸಿಕ್ಕಿದೆ. ಪುಪ್ಪುಸ ಎದೆಗೋಡೆಯಿಂದ ಸರಿದಿದೆ, ನಡುವೆ ಗಾಳಿ. ಫೋನಿನಲ್ಲಿ ಅವರ ದನಿ ಬದಲಾಯಿತು. ಮೊದಲು ಕೇಳಿದ್ದು: "ಬಲಗಡೆನಾ? ಖರೆ ಬಲಗಡೆನಾ?"

"ಹೌದ್ರಿ ಸರ. ಮಾರ್ಕರ್ ನೋಡ್ರಿ, ಹೃದಯದ ತುದಿ ಎಡಕ್ಕದ. ಪೇಷಂಟನೂ ಬಲಗಡಿಗೇ ಕೈ ತೋರಸ್ತಾರ."

ಕಿಟಕಿಗೆ ಹಿಡಿದ ಫಿಲ್ಮು ತಿರುವುಮುರುವಾದರೆ ಫೋಟೋದಲ್ಲಿ ಎಡ ಬಲವಾಗುತ್ತದೆ. ಆ ಗಾಳಿ ಹೊರತೆಗೆಯಲು ಎದೆಗೆ ಹಾಕುವ ನಳಿಗೆ ತಪ್ಪು ಪಕ್ಕೆಗೆ ಹೋದರೆ ಏನಾಗುತ್ತದೆಂದು ಬರೆಯಲಾರೆ. ರಸ್ತೆಯ ಹಳ್ಳಗಳೆಲ್ಲ ತುಂಬಿ ಹರಿಯುತ್ತಿರುವುದರಿಂದ ಆಂಬುಲೆನ್ಸ್ ಹೊರಡುವ ಮಾತಿಲ್ಲ. ನಮ್ಮ ಡಾಕ್ಟರೇ ಫೋನು ಸ್ಪೀಕರಿಗೆ ಹಾಕಿಸಿಕೊಂಡು ಇಲ್ಲೇ ನಳಿಗೆ ಹಾಕಿದರು. ನೀರಿನ ಬಾಟಲಿಯಲ್ಲಿ ಗುಳ್ಳೆ ಬುಳುಬುಳು ಎದ್ದಾಗ ಟ್ರ್ಯಾಕ್ಟರಿನವನು "ಗಾಳಿ ಹೊಂಟದ ನೋಡ್ರಿ" ಎಂದು ಎಲ್ಲರಿಗಿಂತ ಮೊದಲು ಕೂಗಿದ.

17 ಅಕ್ಟೋಬರ್

ಭೀಮೆ ಮೈದುಂಬಿ ಅಲ್ಲ, ಮೈಮರೆತು ಬರುತ್ತಿದ್ದಾಳೆ. ಉಜನಿ ಅಣೆಕಟ್ಟಿನ ನೀರು, ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯುಸೆಕ್. ಘತ್ತರಗಿ ಸೇತುವೆ ಮುಳುಗಿದೆ. ದಂಡೆಯ ಊರುಗಳ ಜನ ಶಾಲೆಗಳಲ್ಲಿ. ನಳಿಗೆಯವರು ಎದ್ದು ಕುಳಿತು ಚಹಾ ಕೇಳಿದರು. ಕಾಳಜಿ ಕೇಂದ್ರದಿಂದ ಪೇಷಂಟುಗಳು ಬರುತ್ತಲೇ ಇದ್ದಾರೆ, ಕಾಗದಪತ್ರ ಮನೆಯ ಜೊತೆಗೇ ನೀರಿಗೆ ಹೋಗಿದೆ. ಹಳೆಯ ಎಕ್ಸ್‌ರೇ ಎಲ್ಲಿ ಅಂದರೆ ಕೈಚೆಲ್ಲುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ಇದ್ದವರದ್ದು ತೆಗೆದುಕೊಟ್ಟೆ. ಇದ್ದವರದ್ದು ಮಾತ್ರ, ಯಂತ್ರ ತುಂಬಿದಾಗ ಹಳೆಯದನ್ನು ಅಳಿಸುವುದು ಇಲ್ಲಿನ ರೂಢಿ.

27 ಅಕ್ಟೋಬರ್

ನಿನ್ನೆ ಬನ್ನಿ ಬಂಗಾರ ಹಂಚಲು ಮಾಲೀಕ ಡಾಕ್ಟರ ಮನೆಗೆ ಹೋದಾಗ ಧೈರ್ಯ ಮಾಡಿ ಮಾತು ತೆಗೆದೆ. ಡೈಕಾಮ್ ಚಿತ್ರಗಳನ್ನು ಕೂಡಿಡುವ ಆರ್ಥಾಂಕ್ ಎಂಬ ಸಾಫ್ಟ್‌ವೇರ್ ಇದೆ, ಬೆಲ್ಜಿಯಂನ ಲಿಯೇಜ್ ಆಸ್ಪತ್ರೆಯಲ್ಲಿ ಹುಟ್ಟಿದ್ದು, 2012ರಿಂದ ಎಲ್ಲರಿಗೂ ಪುಕ್ಕಟೆ. ಬಟ್ಟೆ ಹೊದಿಸಿಟ್ಟ ಆ ಡೆಸ್ಕ್‌ಟಾಪಿನಲ್ಲೇ ಓಡುತ್ತದೆ. ದಿನಕ್ಕೆ ನಲವತ್ತು ಎಕ್ಸ್‌ರೇ ಹಿಡಿದರೂ ಒಂದು ಟಿ.ಬಿ. ಡಿಸ್ಕಿನಲ್ಲಿ ಏಳೆಂಟು ವರ್ಷದ್ದು ಕೂರುತ್ತದೆ. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ. ನಾವು ಎಲ್ಲರದ್ದೂ ಅದಕ್ಕಿಂತ ಹೆಚ್ಚು ಕಾಲ ಇಡಬಹುದು.

ಅವರ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಾಕಿ, ಈಗ ಮನೆಯಿಂದಲೇ ಕೆಲಸ. ಆಕೆ ಸರಿಯಾದ ಪ್ರಶ್ನೆ ಕೇಳಿದಳು: "ಹೊರಗಿನವ್ರು ಯಾರಾದ್ರೂ ಒಳಗ ಬಂದ್ರ?" ಕಳೆದ ವರ್ಷ ಜರ್ಮನಿಯ ಗ್ರೀನ್‌ಬೋನ್ ಸಂಸ್ಥೆ ಹುಡುಕಿದಾಗ, ಪಾಸ್‌ವರ್ಡ್ ಇಲ್ಲದೆ ಅಂತರ್ಜಾಲಕ್ಕೆ ತೆರೆದಿಟ್ಟ ಇಂಥ ಸರ್ವರುಗಳಲ್ಲಿ ಜಗತ್ತಿನ ರೋಗಿಗಳ 2.4 ಕೋಟಿ ದಾಖಲೆ ಸಿಕ್ಕಿತ್ತು, ಭಾರತದ್ದೂ ಸೇರಿ. ಆದ್ದರಿಂದ ನಮ್ಮದು ಹೊರಗೆ ತೆರೆದಿರಬಾರದು. ಗೊತ್ತಿರುವ ಡಾಕ್ಟರಿಗೆ ಗೂಢಲಿಪಿಯ ದಾರಿಯಲ್ಲಿ ಮಾತ್ರ. ಅದನ್ನು ತಾನೇ ಕೂಡಿಸಿಕೊಡುವುದಾಗಿ ಹೇಳಿದ್ದಾಳೆ. ಪೇಷಂಟಿನ ಮೊಬೈಲ್ ನಂಬರನ್ನೂ ನಮೂದಿಸೋಣ, ಹೆಸರಿನ ಕಾಗುಣಿತ ತಪ್ಪಿದರೂ ಹುಡುಕಲು ಬರುತ್ತದೆ ಅಂದಳು. ಒಂದು ಮನೆಯಲ್ಲಿ ಐವರಿಗೆ ಒಂದೇ ಮೊಬೈಲು ಇರುವ ಊರು ಇದು ಎಂದೆ. ಹಾಗಾದರೆ ಮೊಬೈಲಿನ ಜೊತೆಗೆ ಹುಟ್ಟಿದ ವರ್ಷ, ಊರು ಎರಡೂ ಇರಲಿ ಅಂತ ತೀರ್ಮಾನವಾಯಿತು.

ಡಾಕ್ಟರು ಎಲ್ಲಕ್ಕೂ ಹೂಂ ಅಂದರು, ಡಿಸ್ಕು ಎರಡು ಬೇಕು, ಒಂದು ಕೆಟ್ಟರೆ ಇನ್ನೊಂದು ಅನ್ನುವವರೆಗೆ. "ಎರಡ್ಯಾಕೋ?" ಅಂದರು. ಮಗಳು ಮತ್ತು ನಾನು ಸೇರಿ ಸಮಜಾಯಿಷಿ ಕೊಟ್ಟೆವು. ನಾಳೆ ಕಲಬುರಗಿಗೆ ಹೋಗಿ ಒಂದನ್ನು ತರುವುದು. ಎರಡನೆಯದರ ದುಡ್ಡು ಮುಂದಿನ ತಿಂಗಳಂತೆ.